ಸಾವನದುರ್ಗ ಬಿದ್ದದ್ದು ದ್ರೋಹದಿಂದಲ್ಲ

ಪದವಿ ತರಗತಿಯ ವಿದ್ಯಾರ್ಥಿಗಳನ್ನು ಸಾವನದುರ್ಗಕ್ಕೆ ಕರೆದೊಯ್ಯುವುದು ನಾನು ಬಹಳ ವರ್ಷಗಳಿಂದ ಬಿಡದೆ ಉಳಿಸಿಕೊಂಡು ಬಂದಿರುವ ರೂಢಿ. ಕನ್ನಡ ಮೇಷ್ಟರಿಗೆ ಕೋಟೆಯ ಗೊಡವೆ ಏಕೆಂದು ಇತಿಹಾಸ ವಿಭಾಗದ ಗೆಳೆಯರು ಛೇಡಿಸುವುದುಂಟು. ಬೆಟ್ಟದ ಬುಡದ ವೀರಭದ್ರಸ್ವಾಮಿ ಗುಡಿಯ ಬಳಿ ಬುತ್ತಿ ಬಿಚ್ಚಿ, ಎದುರಿನ ಬೃಹತ್ ಬಂಡೆಯನ್ನು ತೋರಿಸಿ, 1791ರ ಡಿಸೆಂಬರ್ 21ರ ಸಂಗತಿಯನ್ನು ಹೇಳುತ್ತೇನೆ: ಕರ್ನಾಟಕದ ದುರ್ಗಗಳಲ್ಲೆಲ್ಲ ದುರ್ಗಮವೆನಿಸಿದ್ದ ಈ ಕೋಟೆ ಹಾಡುಹಗಲಿನಲ್ಲಿ, ಒಂದು ಗಂಟೆಗೂ ಕಡಿಮೆ ಸಮಯದಲ್ಲಿ ಕಂಪನಿಯ ಸೈನ್ಯದ ಕೈವಶವಾಯಿತು, ಹತ್ತಿದವರ ಕಡೆ ಸತ್ತವರಿಲ್ಲ, ಒಬ್ಬ ಸಿಪಾಯಿಗೆ ಮಾತ್ರ ಗಾಯವಾಯಿತು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಪ್ರತಿ ವರ್ಷವೂ ಒಂದು ಮಾತು ಬಂದೇ ಬರುತ್ತದೆ. ಈ ಬಾರಿ ಮಾಗಡಿ ಕಡೆಯ ಹುಡುಗನೊಬ್ಬ ಹೇಳಿದ: "ಒಳಗಿನೋರೇ ಯಾರೋ ಬಾಗ್ಲು ತೆಗ್ದವ್ರೆ ಬಿಡಿ ಸಾ. ಇಲ್ದಿದ್ರೆ ಈ ಬಂಡೆ ಹತ್ತಕ್ಕಾಯ್ತದಾ?"

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ದೊಡ್ಡವರೂ ವೇದಿಕೆಗಳ ಮೇಲೆ ಇದನ್ನೇ ಹೇಳುತ್ತಾರೆ. ನಮ್ಮಲ್ಲಿ ಬಿದ್ದ ಕೋಟೆಗಳಿಗೆಲ್ಲ ಒಬ್ಬೊಬ್ಬ ದ್ರೋಹಿಯನ್ನು ಹುಡುಕುವುದು ಅಭ್ಯಾಸವಾಗಿಬಿಟ್ಟಿದೆ. ದ್ರೋಹಿ ಸಿಗದಿದ್ದರೆ ಹೇಡಿಗಳು ಎಂದು ಷರಾ ಬರೆಯುತ್ತೇವೆ. ಕೆಲವು ಕೋಟೆಗಳ ಮಟ್ಟಿಗೆ ಅದು ಸತ್ಯವೂ ಇದ್ದೀತು. ಸಾವನದುರ್ಗದ ಮಟ್ಟಿಗೆ ಆ ಮಾತು, ಅಲ್ಲಿ ಸತ್ತವರಿಗೆ ನಾವು ಮಾಡುತ್ತಿರುವ ಅನ್ಯಾಯವೆಂದು ನನ್ನ ಅಭಿಪ್ರಾಯ. ಆ ಕೋಟೆ ಏಕೆ ಬಿತ್ತೆಂಬುದನ್ನು ಅರಿಯಲು ಕೋಟೆಯ ಗೋಡೆಯನ್ನು ನೋಡಿದರೆ ಸಾಲದು. ಗೋಡೆಯ ಹೊರಗೆ, ದಂಡಿಗಿಂತ ಮುಂದೆ, ಹತ್ತು ಇಪ್ಪತ್ತು ಜನರ ಗುಂಪುಗಳಲ್ಲಿ ಓಡಾಡುತ್ತಿದ್ದವರು ಆ ಡಿಸೆಂಬರಿನಲ್ಲಿ ಎಲ್ಲಿದ್ದರು ಎಂದು ಕೇಳಬೇಕು. ಅದೇ ವರ್ಷದ ಮೇ ತಿಂಗಳಲ್ಲಿ ಅವರು ಇದೇ ಸೀಮೆಯಲ್ಲಿದ್ದರು, ಮತ್ತು ಶ್ರೀರಂಗಪಟ್ಟಣವನ್ನು ಉಳಿಸಿದ್ದರು.

ಮೇ ತಿಂಗಳ ಕಥೆ ಮೊದಲು. ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆ ಕಾರ್ನ್‌ವಾಲಿಸನ ವಶವಾಗಿತ್ತು. ಶ್ರೀರಂಗಪಟ್ಟಣಕ್ಕೆ ನೇರ ದಾರಿ ರಾಮಗಿರಿ, ಚನ್ನಪಟ್ಟಣದ ಮೇಲೆ. ಆದರೆ ಸಾವನದುರ್ಗ, ರಾಮಗಿರಿ, ಶಿವನಗಿರಿ ಮೊದಲಾದ ಬೆಟ್ಟದ ಕೋಟೆಗಳೆಲ್ಲ ಆ ದಾರಿಯ ಮೇಲೆ ಕಣ್ಣಿಟ್ಟು ಕುಳಿತಿದ್ದವು. ದಾರಿಯ ಇಕ್ಕೆಲದ ಮೇವು, ದವಸ ಮೊದಲೇ ಬೂದಿಯಾಗಿತ್ತು. ಆದ್ದರಿಂದ ಅವನು ದಕ್ಷಿಣಕ್ಕೆ ಸರಿದು, ಇಂದಿನ ಕನಕಪುರವಾದ ಕಾನಕಾನಹಳ್ಳಿಯ ಕಾಡುದಾರಿಯನ್ನು ಹಿಡಿದ. ಟಿಪ್ಪುವಿನ ಜನ ಅಲ್ಲಿಯೂ ಮುಂದಾಗಿ ಹೋಗಿದ್ದರು. ಶತ್ರುವಿಗೆ ನೆಲೆಯಾಗಬಾರದೆಂದು ಕಾನಕಾನಹಳ್ಳಿಯನ್ನು ಎರಡು ಬಾರಿ ಹಾಳುಗೆಡವಿದ ಸಂಗತಿ ಗೆಜೆಟಿಯರಿನಲ್ಲಿಯೂ ದಾಖಲಾಗಿದೆ. ಊರಿನವರ ಪಾಡು ಏನಾಗಿರಬೇಕೆಂದು ಗೆಜೆಟಿಯರ್ ಹೇಳುವುದಿಲ್ಲ. ತಮ್ಮದೇ ದೊರೆಯ ದಂಡು ತಮ್ಮ ಹುಲ್ಲುಬಣವೆಗೆ ಬೆಂಕಿಯಿಡುವುದನ್ನು ನಿಂತು ನೋಡಿದವರು ಅವರು. ಸಣ್ಣ ದಳಗಳ ಸಮರವನ್ನು ಹೊಗಳುವಾಗ ಆ ಬಣವೆಗಳನ್ನು ಮರೆಯಬಾರದು.

ಕಂಪನಿಯ ಸೈನ್ಯ ಕಾವೇರಿ ದಡದ ಅರಕೆರೆಯನ್ನು ಮುಟ್ಟುವ ಹೊತ್ತಿಗೆ ಬಂಡಿ ಎಳೆಯುವ ಎತ್ತುಗಳು ಮೇವಿಲ್ಲದೆ ಸಾಯತೊಡಗಿದ್ದವು. ಮಳೆ ಹಿಡಿಯಿತು, ಪಾಳೆಯದಲ್ಲಿ ಸಿಡುಬು ಎದ್ದಿತು. ಮೇ 15ರಂದು ನಡೆದ ಕಾಳಗದಲ್ಲಿ ಕಾರ್ನ್‌ವಾಲಿಸ್ ಗೆದ್ದನೆಂದೇ ಎಲ್ಲರೂ ಬರೆಯುತ್ತಾರೆ. ಗೆದ್ದವನು ತನ್ನ ಕೋಟೆ ಒಡೆಯುವ ಫಿರಂಗಿಗಳನ್ನು ತಾನೇ ನಾಶಮಾಡಿ, ಮೇ 26ರಂದು ಬೆಂಗಳೂರಿನತ್ತ ಹಿಮ್ಮೆಟ್ಟಿದ. ಆ ದಿನದ ನಡೆಯಲ್ಲಿಯೇ ಎದುರಿಗೆ ಕುದುರೆ ಸವಾರರ ಗುಂಪೊಂದು ಕಾಣಿಸಿಕೊಂಡಿತು. ವೈರಿಗಳೆಂದು ತಿಳಿದು ಸೈನ್ಯ ಎಚ್ಚೆತ್ತುಕೊಂಡಿತು. ಬಂದವರು ಮರಾಠರು! ಹರಿಪಂತ ಮತ್ತು ಪರಶುರಾಮ ಭಾವೆಯರ ದೊಡ್ಡ ಸೈನ್ಯ ಆಹಾರ ಸಾಮಗ್ರಿಯೊಂದಿಗೆ ಮೇಲುಕೋಟೆಯ ಕಡೆಯಿಂದ ಸಹಾಯಕ್ಕೆ ಬರುತ್ತಿತ್ತು. ಕೆಲವೇ ದಿನ ಮೊದಲು ಈ ಸುದ್ದಿ ಸಿಕ್ಕಿದ್ದರೆ ಫಿರಂಗಿಗಳನ್ನು ಒಡೆಯಬೇಕಾಗಿರಲಿಲ್ಲ. ಮರಾಠರು ಪತ್ರಗಳನ್ನು ಕಳಿಸದೆ ಇರಲಿಲ್ಲ. ಒಂದೂ ತಲುಪಿರಲಿಲ್ಲ. ದಾರಿಯಲ್ಲಿ ಎಲ್ಲವನ್ನೂ ಮೈಸೂರಿನ ಹಗುರ ದಳದವರು ತಡೆದಿದ್ದರು. ಇದನ್ನು ಬರೆದಿಟ್ಟವನು ಮೈಸೂರಿನ ಅಭಿಮಾನಿಯೇನಲ್ಲ. ಇಂಗ್ಲಿಷರ ಪಕ್ಷದ ಇತಿಹಾಸಕಾರ, ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್.

ಎರಡು ಬೃಹತ್ ಸೈನ್ಯಗಳು ಒಂದಕ್ಕೊಂದು ಕೆಲವು ಹರದಾರಿಗಳ ಅಂತರದಲ್ಲಿದ್ದರೂ ಪರಸ್ಪರ ಸುಳಿವು ಸಿಗದಂತೆ ನಡುವೆ ತೆರೆ ಎಳೆಯುವುದು ಸಾಮಾನ್ಯವೇ? ಅರಕೆರೆಯ ಕಾಳಗಕ್ಕೆ ಪಠ್ಯಪುಸ್ತಕದಲ್ಲಿ ಒಂದು ಸಾಲು ಸಿಗುತ್ತದೆ. ಈ ತೆರೆಗೆ ಅರ್ಧ ಸಾಲೂ ಇಲ್ಲ.

ಯಾರು ಈ ಜನ? ತಮ್ಮದೇ ಕುದುರೆ ತಂದು ಸೇವೆಗೆ ನಿಲ್ಲುತ್ತಿದ್ದ ಸಿಲ್ಲೇದಾರರು, ಬೇಡ ಪಡೆಯವರು, ಬಿದಿರ ಕೋಲಿಗೆ ಕಬ್ಬಿಣದ ಕೊಳವೆ ಬಿಗಿದು ಬಾಣ ಹಾರಿಸುತ್ತಿದ್ದ ಬಾಣಗಾರರು, ಮತ್ತು ಬಹುಮುಖ್ಯವಾಗಿ ಕಂದಾಚಾರದ ಕಾಲಾಳುಗಳು. ಚಿಕ್ಕದೇವರಾಜ ಒಡೆಯರು ಏರ್ಪಡಿಸಿದರೆನ್ನುವ ಹದಿನೆಂಟು ಕಚೇರಿಗಳಲ್ಲಿ ಕಂದಾಚಾರವೂ ಒಂದು. (ಬೆಂಗಳೂರಿನ ಹೈಕೋರ್ಟಿಗೆ ಅಠಾರಾ ಕಚೇರಿ ಎಂಬ ಹೆಸರು ಬಂದದ್ದು ಇಂಥ ಹದಿನೆಂಟರ ಲೆಕ್ಕದಿಂದಲೇ.) ಊರೂರಿನ ಒಕ್ಕಲು ಮಕ್ಕಳೇ ಕಂದಾಚಾರದ ಆಳುಗಳು. ಶಾಂತಿಯ ದಿನಗಳಲ್ಲಿ ಠಾಣ್ಯ ಕಾಯುವುದು, ಸರ್ಕಾರಿ ಹಣಕ್ಕೆ ಕಾವಲು ಹೋಗುವುದು. ಯುದ್ಧ ಬಂದರೆ ಕೋವಿ ಹಿಡಿದು ದಂಡಿನ ಮುಂದೆ ನಡೆಯುವುದು. ಈ ಕಾಡಿನ ಒಳದಾರಿ, ಕಟ್ಟೆ, ಕಣಿವೆ ಅವರಿಗೆ ಅಂಗೈ ಗೆರೆ. ಕೌಟಿಲ್ಯ ಅಟವೀಬಲವೆಂದು ಕರೆದು, ಅಷ್ಟೇನೂ ನಂಬದೆ ಪಟ್ಟಿಯ ಕೊನೆಗೆ ಸೇರಿಸಿದ ಬಲದ ದೂರದ ಸಂಬಂಧಿಗಳು ಇವರು.

ಡಿಸೆಂಬರಿಗೆ ಬರೋಣ. ಮೇ ತಿಂಗಳ ಪಾಠ ಕಲಿತ ಕಾರ್ನ್‌ವಾಲಿಸ್ ಈಗ ದಾರಿಯ ಕೋಟೆಗಳನ್ನು ಒಂದೊಂದಾಗಿ ಕೀಳಲು ನಿಶ್ಚಯಿಸಿದ್ದ. ಅಕ್ಟೋಬರಿನಲ್ಲಿ ನಂದಿದುರ್ಗ ಬಿದ್ದಿತು. ಡಿಸೆಂಬರ್ 10ರಂದು ಲೆಫ್ಟಿನೆಂಟ್ ಕರ್ನಲ್ ಸ್ಟುವರ್ಟ್ ಸಾವನದುರ್ಗದ ಸಮೀಪ ಪಾಳೆಯ ಬಿಟ್ಟ. ಬೆಟ್ಟದ ಸುತ್ತ ಮೈಲುಗಟ್ಟಲೆ ಹೆಣೆದುಕೊಂಡ ಬಿದಿರುಮೆಳೆ. ಅದರ ನಡುವೆ ಬಂಡೆಗಳು. ಆ ಕಾಡಿನ ಜ್ವರಕ್ಕೆ ಹೆದರದವರಿರಲಿಲ್ಲ. ಇಂಗ್ಲಿಷರು ಸಾವನದುರ್ಗಕ್ಕೆ ಮುತ್ತಿಗೆ ಹಾಕಿದರೆಂಬ ಸುದ್ದಿ ಕೇಳಿ ಟಿಪ್ಪು ಸಂತೋಷಪಟ್ಟನಂತೆ. ಅವರಲ್ಲಿ ಅರ್ಧ ಜನ ರೋಗದಿಂದ, ಉಳಿದರ್ಧ ಲಗ್ಗೆಯಲ್ಲಿ ಮುಗಿಯುತ್ತಾರೆಂದು ಅವನ ಲೆಕ್ಕ. ಅದು ಅವಿವೇಕದ ಲೆಕ್ಕವೇನೂ ಆಗಿರಲಿಲ್ಲ.

ಬಿದಿರು ಕಡಿದು, ಬಂಡೆ ಸರಿಸಿ, ಭಾರಿ ಕಬ್ಬಿಣದ ಫಿರಂಗಿಗಳನ್ನು ಎಳೆಯಲು ಸ್ಟುವರ್ಟನ ಜನ ದಾರಿ ಮಾಡತೊಡಗಿದರು. ಏಳು ದಿನ! ಈ ಏಳು ದಿನಗಳ ಬಗ್ಗೆ ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುತ್ತೇನೆ. ದಾರಿ ಕಡಿಯುವವನ ಕೈಯಲ್ಲಿ ಕೊಡಲಿ ಇರುತ್ತದೆ, ಕೋವಿ ಇರುವುದಿಲ್ಲ. ಫಿರಂಗಿ ಎಳೆಯುವ ಎತ್ತು, ಆನೆ, ಜನ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿರುತ್ತಾರೆ. ಬಿದಿರು ಮೆಳೆಯಲ್ಲಿ ಹತ್ತು ಮಾರು ಆಚೆಗೆ ಏನಿದೆಯೆಂದು ಕಾಣುವುದಿಲ್ಲ. ಆ ಕಾಡನ್ನು ಬಲ್ಲ ಇಪ್ಪತ್ತು ಜನ, ರಾತ್ರಿ ಒಮ್ಮೆ, ಬೆಳಗಿನ ಜಾವ ಒಮ್ಮೆ ನುಗ್ಗಿ, ನಾಲ್ಕು ಗುಂಡು ಹಾರಿಸಿ ಮಾಯವಾಗಿದ್ದರೆ ಏಳು ದಿನ ಹದಿನಾಲ್ಕಾಗುತ್ತಿತ್ತು. ಹದಿನಾಲ್ಕು ದಿನದಲ್ಲಿ ಜ್ವರ ತನ್ನ ಕೆಲಸ ಆರಂಭಿಸುತ್ತಿತ್ತು. ಅಂಥದ್ದು ನಡೆಯಲಿಲ್ಲ. ಕೋಟೆಯವರು ಬೆಟ್ಟದ ಸ್ವಾಭಾವಿಕ ಬಲವನ್ನೇ ನೆಚ್ಚಿಕೊಂಡು, ಕೆಳಗೆ ನಡೆಯುತ್ತಿದ್ದ ಕೆಲಸಕ್ಕೆ ಅಡ್ಡಿಮಾಡಲಿಲ್ಲವೆಂದು ಆ ದಂಡಯಾತ್ರೆಯಲ್ಲಿದ್ದ ಮೇಜರ್ ಡಿರೋಮ್ 1793ರಲ್ಲಿ ಪ್ರಕಟಿಸಿದ ತನ್ನ ವೃತ್ತಾಂತದಲ್ಲಿ ತಿಳಿಸುತ್ತಾನೆ.

ಡಿಸೆಂಬರ್ 17ರಂದು ಫಿರಂಗಿಗಳು ಬಾಯಿಬಿಟ್ಟವು. ಕೆಲವೇ ದಿನಗಳಲ್ಲಿ ಗೋಡೆ ಒಡೆದು ತೆರಪಾಯಿತು. 21ರಂದು ಬೆಳಗ್ಗೆ ಹನ್ನೊಂದರ ಸುಮಾರಿಗೆ ಲಗ್ಗೆ. 52ನೇ ರೆಜಿಮೆಂಟಿನ ವಾದ್ಯದವರು 'ಬ್ರಿಟನ್ಸ್ ಸ್ಟ್ರೈಕ್ ಹೋಮ್' ನುಡಿಸುತ್ತಿದ್ದರೆಂದು ಇಂಗ್ಲಿಷರು ಹೆಮ್ಮೆಯಿಂದ ಬರೆದುಕೊಂಡಿದ್ದಾರೆ. ಲೆಫ್ಟಿನೆಂಟ್ ಕರ್ನಲ್ ನೆಸ್ಬಿಟ್ಟನ ಕೈಕೆಳಗಿನ ಜನ ತೆರಪಿನಲ್ಲಿ ಹತ್ತಿ ಬರುತ್ತಿದ್ದಂತೆ ಕಾವಲಿನವರು ಮೇಲಿನ ಕೋಟೆಯತ್ತ ಓಡಿದರು. ಸಾವನದುರ್ಗವನ್ನು ಬಲ್ಲವರಿಗೆ ತಿಳಿದಂತೆ ಅದು ಒಂದೇ ಬೆಟ್ಟವಲ್ಲ; ಕರಿಗುಡ್ಡ, ಬಿಳಿಗುಡ್ಡವೆಂಬ ಎರಡು ಶಿಖರಗಳು, ನಡುವೆ ಆಳವಾದ ಕಂದರ. ಒಂದು ಬಿದ್ದರೂ ಇನ್ನೊಂದರಿಂದ ಹೋರಾಡಬಹುದೆಂಬುದೇ ಅದನ್ನು ಕಟ್ಟಿದವರ ಯೋಜನೆ. ಆ ಯೋಜನೆಯನ್ನು ಕೆಡಿಸಿದ್ದು ದೊಡ್ಡ ದಂಡಲ್ಲ. ಕ್ಯಾಪ್ಟನ್ ಮಾನ್ಸನ್ ಎಂಬವನ ಜೊತೆಗಿದ್ದ ಸಣ್ಣದೊಂದು ಗುಂಪು, ಪಶ್ಚಿಮ ಶಿಖರದತ್ತ ಓಡುತ್ತಿದ್ದವರ ಬೆನ್ನಿಗೇ ಅಂಟಿಕೊಂಡು ಓಡಿತು. ದಾರಿಯ ಬಾಗಿಲುಗಳನ್ನು ಮುಚ್ಚಬೇಕೆಂದರೆ ತಮ್ಮವರನ್ನೇ ಹೊರಗಿಟ್ಟು ಮುಚ್ಚಬೇಕಿತ್ತು. ಅದನ್ನು ಮಾಡುವಷ್ಟು ಕಲ್ಲೆದೆ, ಅಥವಾ ಅಷ್ಟು ಸಮಯ, ಬಾಗಿಲಲ್ಲಿದ್ದವರಿಗೆ ಇರಲಿಲ್ಲ. ಓಡುವವರೊಂದಿಗೆ ಅಟ್ಟಿ ಬಂದವರೂ ಒಳಹೊಕ್ಕರು. ನೂರಕ್ಕೂ ಹೆಚ್ಚು ಜನ ಅಲ್ಲಿ ಹತರಾದರು. ಹಲವರು ಪ್ರಪಾತಕ್ಕೆ ಬಿದ್ದು ಸತ್ತರು.

ನನ್ನ ಮಾಗಡಿಯ ಹುಡುಗನ ಊಹೆ ಒಂದರ್ಥದಲ್ಲಿ ಸರಿ. ಬಾಗಿಲು ತೆರೆದೇ ಇತ್ತು. ತೆರೆದಿಟ್ಟವರು ತಮ್ಮವರು ಒಳಗೆ ಬರಲೆಂದು ತೆರೆದಿಟ್ಟಿದ್ದರು.

ಇಲ್ಲೊಂದು ಎಚ್ಚರ ಬೇಕು. ಡಿರೋಮ್ ಇರಲಿ, ವಿಲ್ಕ್ಸ್ ಇರಲಿ, ಇಬ್ಬರೂ ಗೆದ್ದವರ ಕಡೆಯವರು. ಗೆದ್ದವರು ತಮ್ಮ ಕಡೆ ಒಬ್ಬನಿಗೇ ಗಾಯವಾಯಿತೆನ್ನುವಾಗ ಎದುರಿನವರ ಅಂಜಿಕೆಯನ್ನು ಹಿಗ್ಗಿಸಿ ಹೇಳುವುದು ಸಹಜ. ಕನ್ನಡ ಗದ್ಯದಲ್ಲಿ ಆ ಕಾಲದ ಯುದ್ಧಗಳನ್ನು ಕಟ್ಟಿಕೊಡುವ 'ಹೈದರ್‌ನಾಮೆ' 1784ರದು. ಸಾವನದುರ್ಗ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಕೋಟೆಯವರು ಹೇಡಿಗಳೆಂದು ಆ ಇಂಗ್ಲಿಷ್ ಬರಹಗಳಿಂದಲೇ ತೀರ್ಮಾನಿಸುವವರಿಗೆ, ಅದೇ ಬರಹಗಳಲ್ಲಿರುವ ಏಳು ದಿನಗಳ ಸಂಗತಿ ಏಕೆ ಕಾಣುವುದಿಲ್ಲವೋ ತಿಳಿಯದು. ಕಲ್ಲನ್ನು ಮಾತ್ರ ನಂಬಿಕೊಂಡವನಿಗೆ ಕಲ್ಲು ಒಡೆದ ಮೇಲೆ ನಂಬಲು ಏನೂ ಉಳಿಯುವುದಿಲ್ಲ. ಏಳು ದಿನ ಕಾಡಿನಲ್ಲಿ ಸೆಣಸಿದ ಪಡೆಯಾಗಿದ್ದರೆ ಎಂಟನೆಯ ದಿನ ಶತ್ರುವಿನ ಮುಖ ಅದಕ್ಕೆ ಹೊಸದಾಗಿರುತ್ತಿರಲಿಲ್ಲ.

ಹಗುರ ದಳಗಳನ್ನು ಟಿಪ್ಪು ಬೇರೆಡೆ ತೊಡಗಿಸಿದ್ದ, ಆದ್ದರಿಂದ ಸಾವನದುರ್ಗಕ್ಕೆ ಒದಗಲಿಲ್ಲ ಎಂದು ವಾದಿಸಬಹುದು. ನವೆಂಬರಿನಲ್ಲಷ್ಟೇ ಕಮರುದ್ದೀನ್ ಖಾನ್ ಕೊಯಮತ್ತೂರನ್ನು ಮರಳಿ ಗೆದ್ದಿದ್ದ, ನಿಜ. ಆದರೆ ಇಪ್ಪತ್ತು ಜನರ ಗುಂಪಿಗೆ ಕೊಯಮತ್ತೂರಿನಿಂದ ಆಳು ಕರೆಸಬೇಕಾಗಿರಲಿಲ್ಲ. ಮಾಗಡಿ ಸೀಮೆಯ ಕಂದಾಚಾರದವರು ಸಾಕಾಗಿತ್ತು. ಕೊರತೆಯಾದದ್ದು ಜನವಲ್ಲ, ಕಿಲ್ಲೇದಾರನಿಗೆ ಕೋಟೆಯ ಹೊರಗೂ ಒಂದು ಹೊಣೆಯಿದೆಯೆಂಬ ತಿಳಿವಳಿಕೆ. ನಮ್ಮ ಸೋಮದೇವಸೂರಿಯ 'ನೀತಿವಾಕ್ಯಾಮೃತ' ಹತ್ತನೆಯ ಶತಮಾನದ್ದು; ಅದರಲ್ಲಿ ದುರ್ಗಕ್ಕೆ ಒಂದು ಸಮುದ್ದೇಶ, ಬಲಕ್ಕೆ ಇನ್ನೊಂದು, ಚಾರರಿಗೆ ಮತ್ತೊಂದು ಇದೆ. ಆ ವಿಂಗಡಣೆಯಲ್ಲಿಯೇ ನನಗೊಂದು ಸೂಚನೆ ಕಾಣುತ್ತದೆ: ದುರ್ಗವಿದ್ದ ಮಾತ್ರಕ್ಕೆ ಚಾರರ ಕೆಲಸ ಮುಗಿಯುವುದಿಲ್ಲ. ಟಿಪ್ಪು ಕೂಡ ಇದನ್ನು ಅರಿಯದವನಲ್ಲ. ಸೈನ್ಯದ ನಡೆಗೆ 'ಫತಹುಲ್ ಮುಜಾಹಿದೀನ್' ಎಂಬ ಕೈಪಿಡಿಯನ್ನೇ ಬರೆಸಿದವನು. ಆದರೆ ಬಯಲಿನ ಸೈನ್ಯಕ್ಕೆ ಕಲಿಸಿದ್ದು ಬೆಟ್ಟದ ಕಾವಲಿಗೆ ಇಳಿಯಲಿಲ್ಲ.

ಪರಿಣಾಮ ಬಹುಬೇಗ ಕಾಣಿಸಿತು. ಸಾವನದುರ್ಗವೇ ಬಿದ್ದ ಮೇಲೆ ತಮ್ಮದೇನು ಎಂದು ರಾಮಗಿರಿ, ಶಿವನಗಿರಿಗಳು ಹೆಚ್ಚು ಪ್ರತಿರೋಧವಿಲ್ಲದೆ ಶರಣಾದವು. ಡಿಸೆಂಬರ್ 24ರಂದು ಹುತ್ರಿದುರ್ಗ ಏಣಿ ಲಗ್ಗೆಗೆ ತುತ್ತಾಯಿತು. ಚನ್ನಪಟ್ಟಣದ ದಾರಿ ತೆರೆಯಿತು. ಫೆಬ್ರವರಿ 1792ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಎದುರಿಗಿದ್ದ. ಮುಂದಿನದು ಎಲ್ಲರಿಗೂ ತಿಳಿದ ಒಪ್ಪಂದ, ಒತ್ತೆಯಾದ ಇಬ್ಬರು ಮಕ್ಕಳು.

ಮಾನ್ಸನ್ನನ ಮಾತು ಇನ್ನೂ ಸ್ವಲ್ಪ ಇದೆ. ಸಾವನದುರ್ಗದಲ್ಲಿ ಓಡುವವರ ಬೆನ್ನಟ್ಟಿ ಹೆಸರು ಗಳಿಸಿದ ಈ ವಿಲಿಯಂ ಮಾನ್ಸನ್ 1804ರಲ್ಲಿ ರಾಜಸ್ಥಾನದಿಂದ ಆಗ್ರಾವರೆಗೆ ತಾನೇ ಓಡಬೇಕಾಯಿತು. ಅವನನ್ನು ಅಟ್ಟಿದ್ದು ಹೋಳ್ಕರನ ಹಗುರ ಕುದುರೆಪಡೆ. ಮಳೆಗಾಲದಲ್ಲಿ ಫಿರಂಗಿಗಳನ್ನು ಕಳೆದುಕೊಂಡು, ಜನರನ್ನು ಕಳೆದುಕೊಂಡು ಆಗ್ರಾ ಸೇರಿದ. ಇಂಗ್ಲಿಷ್ ಇತಿಹಾಸದಲ್ಲಿ ಅವನ ಹೆಸರು ಉಳಿದದ್ದು ಹೆಚ್ಚಾಗಿ ಈ ಓಟಕ್ಕಾಗಿಯೇ.

ಭಾಷೆಯ ಅಧ್ಯಾಪಕನಾದ ನನ್ನನ್ನು ಕಾಡುವ ಇನ್ನೊಂದು ವಿಷಯ, ಈ ಮುಂಗುಂಪಿನವರಿಗೆ ಭಾಷೆಗಳು ಕೊಟ್ಟ ಹೆಸರುಗಳದು. ಕೋಟೆಯ ತೆರಪಿಗೆ ಎಲ್ಲರಿಗಿಂತ ಮೊದಲು ನುಗ್ಗುವ, ಬಹುತೇಕ ಸಾಯಲೆಂದೇ ಹೋಗುವ ಗುಂಪಿಗೆ ಇಂಗ್ಲಿಷಿನಲ್ಲಿ 'ಫರ್ಲಾರ್ನ್ ಹೋಪ್' ಎನ್ನುತ್ತಾರೆ. ಕೈಬಿಟ್ಟುಹೋದ ಆಸೆ ಎಂದು ಅರ್ಥ ಹೊಳೆಯುತ್ತದೆ. ಆದರೆ ಮೂಲ ಡಚ್ ಭಾಷೆಯ 'ವೆರ್ಲೋರೆನ್ ಹೋಪ್', ಅಲ್ಲಿ ಹೋಪ್ ಎಂದರೆ ಗುಂಪು. ಕಳೆದುಹೋದ ಗುಂಪು. ಡಚ್ಚರ ಗುಂಪು ಇಂಗ್ಲಿಷರ ಬಾಯಲ್ಲಿ ಆಸೆಯಾಯಿತು! ಫ್ರೆಂಚರು ಇವರನ್ನು ಕಳೆದುಹೋದ ಮಕ್ಕಳು ಎಂದು ಕರೆದರು. 1799ರ ಮೇ 4ರಂದು ಶ್ರೀರಂಗಪಟ್ಟಣದ ತೆರಪಿಗೆ ಹೋದ ಎರಡೂ ದಂಡುಗಳ ಮುಂದೆ ಇಂಥ ಒಂದೊಂದು ಗುಂಪಿತ್ತು: ಒಬ್ಬ ಸಾರ್ಜೆಂಟ್, ಹನ್ನೆರಡು ಜನ. ಗ್ರಹಾಂ ಎಂಬ ಸಾರ್ಜೆಂಟ್ ತೆರಪಿನ ಮೇಲೆ ಬಾವುಟ ನೆಟ್ಟೊಡನೆ ಗುಂಡಿಗೆ ಬಿದ್ದ. ಅವರ ಕಡೆಯ ಸಾರ್ಜೆಂಟನ ಹೆಸರೂ ನಮಗೆ ಗೊತ್ತು. ಆ ತೆರಪಿನಲ್ಲಿ ನಿಂತು ಅವರನ್ನು ತಡೆದ ನಮ್ಮ ಕಡೆಯ ಸಾಮಾನ್ಯ ಸೈನಿಕನೊಬ್ಬನ ಹೆಸರು ಹೇಳಿ ಎಂದರೆ ತರಗತಿ ಮೌನವಾಗುತ್ತದೆ.

ಕನ್ನಡದಲ್ಲಿ ಮುಂಚೂಣಿ ಇದೆ. ಹಳೆಯ ಕಾವ್ಯಗಳ ನಾಸೀರವಿದೆ. ಹರಿಕಾರ ಎಂಬ ಪದದ ಪಾಡಂತೂ ಸ್ವಾರಸ್ಯಕರ. ಅದು ಪಾರ್ಸಿಯ ಹರಕಾರಾ: ದಂಡಿಗಿಂತ ಮುಂದೆ ಓಡಿ ಸುದ್ದಿ ತರುವ, ಸುದ್ದಿ ಕದಿಯುವ ಬಡ ಕಾಲಾಳು. ಮೇ ತಿಂಗಳಲ್ಲಿ ಮರಾಠರ ಪತ್ರ ಒಯ್ಯುತ್ತ ಸಿಕ್ಕಿಬಿದ್ದವರು ಇಂಥವರೇ. ಇಂದು ನಾವು ಆ ಪದವನ್ನು ನವ್ಯಕಾವ್ಯದ ಹರಿಕಾರ, ಸಹಕಾರಿ ಚಳವಳಿಯ ಹರಿಕಾರ ಎಂದು ದೊಡ್ಡವರಿಗೆ ಬಿರುದಾಗಿ ತೊಡಿಸುತ್ತೇವೆ. ಇಂಗ್ಲಿಷಿನ ಪಯೊನೀರ್ ಪದದ್ದೂ ಇದೇ ಕಥೆ. ಮೊದಲು ಅದರ ಅರ್ಥ ದಂಡಿನ ಮುಂದೆ ದಾರಿ ಕಡಿಯುವ ಆಳು, ಸಾವನದುರ್ಗದ ಬಿದಿರನ್ನು ಕಡಿದವನು. ಪದಗಳು ಮೇಲೇರಿದವು. ಅವನ್ನು ಹೊತ್ತವರು ಬಿದಿರುಮೆಳೆಯಲ್ಲೇ ಉಳಿದರು.

ಒಂದು ಕೆಲಸ ಈಗಲೂ ಸಾಧ್ಯ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಹಳೆಯ ಕಂದಾಯ ದಾಖಲೆಗಳಲ್ಲಿ, ಹೊಲ-ಗದ್ದೆ, ಕಟ್ಟೆ-ದಿಣ್ಣೆಗಳ ಹೆಸರುಗಳಲ್ಲಿ ದಂಡು, ಠಾಣ್ಯ, ಕಾವಲು, ಬತೇರಿ ಎಂಬ ಮಾತುಗಳು ಎಲ್ಲೆಲ್ಲಿ ಬರುತ್ತವೆಂದು ಪಟ್ಟಿ ಮಾಡಬೇಕು. ಹಳೆಯ ದಾರಿಗಳು ಆ ಪಟ್ಟಿಯಿಂದ ತಾವಾಗಿಯೇ ಮೂಡಬಹುದು. ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದುದು ಹಿರಿಯರಿಗೆ ನೆನಪಿದೆ. ಮೈಸೂರಿನ ಮೊದಲ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ದಿವಾನ್ ಪೂರ್ಣಯ್ಯ 1800ರಲ್ಲಿ ಆ ಪೇಟೆ ನೆಲೆಗೊಳಿಸಿದ್ದು, ಕಾಡಿನ ನಡುವಿನ ಹೆದ್ದಾರಿಗೆ ಕಾವಲಿರಲೆಂದು. ಕ್ಲೋಸ್‌ನ ಹೆಸರು ಭೂವಿಜ್ಞಾನಿಗಳ ಪುಸ್ತಕದಲ್ಲಿ ಇಲ್ಲಿನ ಬಂಡೆಗೂ ಅಂಟಿಕೊಂಡಿದೆ. ಆ ದಾರಿಯಲ್ಲಿ ಅದಕ್ಕೂ ಮುಂಚೆ ಕಾವಲಿದ್ದ ಕಂದಾಚಾರದವನ ಹೆಸರು ಯಾವುದಾದರೂ ಒಂದು ಮಾನ್ಯದ ಹೊಲಕ್ಕೆ ಅಂಟಿಕೊಂಡಿರಲೂಬಹುದು.

ಬೆಟ್ಟದಿಂದ ಇಳಿದ ಮೇಲೆ, ಬಸ್ಸಿಗೆ ಕಾಯುತ್ತ ನಿಂತಾಗ ಮಾಗಡಿಯ ಹುಡುಗ ಮತ್ತೆ ಹತ್ತಿರ ಬಂದ. ಅವನ ತಾತನ ಹೊಲಕ್ಕೆ ಊರಿನಲ್ಲಿ ಈಗಲೂ ಏನೋ ಕಾವಲಿನ ಹೆಸರು ಹೇಳುತ್ತಾರಂತೆ. ಸರಿಯಾಗಿ ಕೇಳಿಕೊಂಡು ಬರುತ್ತೇನೆಂದ. ಸೋಮವಾರ ಬರಲಿ, ನೋಡೋಣ.